ಅಪ್ಪನನ್ನು ಎತ್ತುವಷ್ಟು ಬಲ

ಸೀನು ಬಂದರೆ ಜೀವ ಬಾಯಿಗೆ ಬರುತ್ತಿದ್ದ ದಿನಗಳವು. ಎಡಗಡೆಯ ಎರಡು ಪಕ್ಕೆಲುಬು ಮುರಿದಿದ್ದವು. ನಗುವಂತಿಲ್ಲ, ಕೆಮ್ಮುವಂತಿಲ್ಲ, ಮಗ್ಗಲು ಬದಲಿಸುವಂತಿಲ್ಲ. ಗಣಿ ಧಗಧಗ ನಡೆಯುತ್ತಿದ್ದ ಆ ವರ್ಷಗಳಲ್ಲಿ ಹೊಸಪೇಟೆಯಲ್ಲಿದ್ದುಕೊಂಡು ಕೆಮ್ಮದೆ ಇರುವುದು ಹೇಗೆ? ಸಂಡೂರಿನಿಂದ ಇಳಿಯುವ ಅದಿರಿನ ಲಾರಿಗಳ ಧೂಳಿಗೆ ಅವ್ವ ಬೆಳಿಗ್ಗೆ ಒಣಹಾಕಿದ ಬಿಳಿ ಪಂಚೆ ಸಂಜೆಗೆ ಕಾವಿ ಬಣ್ಣಕ್ಕೆ ತಿರುಗಿರುತ್ತಿತ್ತು. ಗಂಟಲು ಕೆರೆಯಲು ಶುರುವಾದರೆ ನಾನು ದಿಂಬನ್ನು ಎದೆಗೆ ಅವುಚಿಕೊಂಡು, ಹಲ್ಲು ಕಚ್ಚಿ, ಒಂದೊಂದೇ ಕೆಮ್ಮನ್ನು ಜಿಪುಣನ ಹಾಗೆ ಖರ್ಚು ಮಾಡುತ್ತಿದ್ದೆ.

ನನ್ನ ನೋವು ದೊಡ್ಡದಲ್ಲ. ನನ್ನ ಚಾಪೆಯಿಂದ ಎರಡು ಮಾರು ಆಚೆ, ನಡುಮನೆಯ ಮಂಚದ ಮೇಲೆ, ಅಪ್ಪ ಸೊಂಟ ಮುರಿದುಕೊಂಡು ಅಂಗಾತ ಮಲಗಿದ್ದ. ನಮ್ಮ ಕೇರಿಯ ಗರಡಿಮನೆಗೆ ಅವನೇ ಉಸ್ತಾದ. ಮೂವತ್ತು ವರ್ಷ ಕೇರಿಯವರಿಗೆ ಕುಸ್ತಿ ಕಲಿಸಿದವನು. ಎಂಬತ್ತೈದು ಕೆಜಿಯ ಆಳು. ಆ ಆಳನ್ನು ದಿನಕ್ಕೊಮ್ಮೆ ಮಂಚದಿಂದ ಎತ್ತಿ ಹಿತ್ತಲ ಪಾಯಖಾನೆಗೆ ಒಯ್ಯಬೇಕಿತ್ತು. ಅಲ್ಲಿ ಒಂದು ಮರದ ಕುರ್ಚಿಗೆ ನಡುವೆ ತೂತು ಕೊರೆಸಿ ಇಟ್ಟಿದ್ದೆವು. ಅವ್ವ ಮಂಚಕ್ಕೇ ಪಾತ್ರೆ ತಂದಾಗ ಅಪ್ಪ ಅದನ್ನು ಗೋಡೆಗೆ ಬೀಸಿ ಒಗೆದಿದ್ದ.

ಹಾಗಾಗಿ ಗರಡಿಯ ನಾಲ್ಕು ಜನ, ಅವನ ಕೈಯಲ್ಲೇ ಪಟ್ಟು ಕಲಿತವರು, ಬೆಳಿಗ್ಗೆ ಡ್ಯೂಟಿಗೆ ಹೋಗುವ ಮುಂಚೆ ಬರುತ್ತಿದ್ದರು. ಬಂದವರೇ ಅವನ ಕಾಲು ಮುಟ್ಟಿ ಕಣ್ಣಿಗೊತ್ತಿಕೊಳ್ಳುವರು. ಆಮೇಲೆ ಅದೇ ಕಾಲು ಹಿಡಿದು ಎತ್ತಿ, ಹಿತ್ತಲಿಗೆ ಒಯ್ದು, ಪಂಚೆ ಬಿಚ್ಚಿ ಕೂರಿಸುವರು. ಅವರಿಗೆ ಬೇಸರವಿರಲಿಲ್ಲ, ನಿಜವಾಗಿಯೂ ಇರಲಿಲ್ಲ. ಆದರೆ ಅಪ್ಪ ಅಷ್ಟು ಹೊತ್ತೂ ಕಣ್ಣು ಮುಚ್ಚಿಕೊಂಡಿರುತ್ತಿದ್ದ. ಅವರು ಹೋದ ಮೇಲೂ ಅರ್ಧ ತಾಸು ತೆರೆಯುತ್ತಿರಲಿಲ್ಲ.

ಒಂದು ದಿನ ಕಣ್ಣು ತೆರೆಯದೆಯೇ ಕೇಳಿದ. "ನೀ ಯಾವಾಗ ಎತ್ತತಿ?"

"ಪಕ್ಕಿ ಕೂಡ್ಲಿ ಯಪ್ಪಾ. ಆರು ವಾರ ಅಂದಾರ ಡಾಕ್ಟ್ರು."

"ಜಲ್ದಿ ಕೂಡಿಸ್ಕ. ನನ್ನ ಮಗ ಎತ್ತಿದ್ರ ನನಗ ನಾಚಿಕಿ ಇಲ್ಲ. ಇವ್ರ ಮುಂದ ಆಗಂಗಿಲ್ಲ."

ಹೀಗೆ ನಾನು ಮತ್ತೆ ಸಾಮು ಶುರುಮಾಡಬೇಕಾಯಿತು. ಎದೆ ಉಬ್ಬಿಸಿಕೊಂಡು ಬಜಾರಿನಲ್ಲಿ ತಿರುಗಲಿಕ್ಕಲ್ಲ, ಕುಸ್ತಿ ಗೆಲ್ಲಲಿಕ್ಕೂ ಅಲ್ಲ. ಅಪ್ಪನನ್ನು ಒಬ್ಬನೇ ಎತ್ತುವಷ್ಟು ಬಲ ಬೇಕಿತ್ತು, ಅಷ್ಟೇ.

ನಮ್ಮಿಬ್ಬರ ಎಲುಬೂ ಒಂದೇ ಬೀಳಿನಲ್ಲಿ ಮುರಿದವು. ಅದಕ್ಕೆ ಕಾರಣ ನಾನು. ಈಗಲಾದರೂ ಅದನ್ನು ಬಾಯಿಬಿಟ್ಟು ಹೇಳಿಬಿಡುತ್ತೇನೆ.

ಕುಸ್ತಿ ಆಡುವ ಕುಳಿಗೆ ನಮ್ಮಲ್ಲಿ ಮಟ್ಟಿ ಅನ್ನುತ್ತಾರೆ. ಪ್ರತಿ ನಾಗರಪಂಚಮಿಗೆ ಹಳೆ ಮಣ್ಣು ತೆಗೆದು ಹೊಸದು ತುಂಬುವುದು ಪದ್ಧತಿ. ಅವ್ವನ ತವರಿನವರ ಹೊಲ ಚೋರನೂರಿನಲ್ಲಿತ್ತು. ಅಲ್ಲಿಯ ಮಸಾರಿ ಮಣ್ಣು, ಮೆತ್ತಗಿನ ಕೆಂಪು ಮಣ್ಣು, ಟ್ರ್ಯಾಕ್ಟರಿನಲ್ಲಿ ಬರುತ್ತಿತ್ತು. ಅದನ್ನು ಜರಡಿ ಹಿಡಿದು, ಮಜ್ಜಿಗೆ, ಎಣ್ಣೆ, ಅರಿಶಿನ, ನಿಂಬೆರಸ ಹಾಕಿ ಎಂಟು ದಿನ ಕಾಲಲ್ಲಿ ತುಳಿದು ಹದ ಮಾಡಬೇಕು. ಮೊದಲಾದರೆ ನಲವತ್ತು ಜನ ಇರುತ್ತಿದ್ದರು, ಹಾಡು ಹೇಳುತ್ತಾ ತುಳಿಯುತ್ತಿದ್ದರು. ಗಣಿ ಜೋರಾದ ಮೇಲೆ ಒಬ್ಬ ಲಾರಿ ಹತ್ತಿದ, ಇನ್ನೊಬ್ಬ ಜೆಸಿಬಿ ಹತ್ತಿದ, ಮತ್ತೊಬ್ಬ ಸೈಟು ಕಾಯಲು ಹೋದ. ಗರಡಿಯಲ್ಲಿ ಉಳಿದವರು ಹತ್ತು ಹನ್ನೆರಡು. ಸಂಡೂರಿನ ರಸ್ತೆಯೋ, ಒಮ್ಮೆ ಜಾಮ್ ಆದರೆ ಟ್ರ್ಯಾಕ್ಟರಿನವನು ಚೋರನೂರಿನಲ್ಲಿ ಉಂಡ ಊಟ ಕರಗಿ ಮತ್ತೆ ಹಸಿವಾದರೂ ಊರು ಮುಟ್ಟುತ್ತಿರಲಿಲ್ಲ.

ನಾನಾಗ ಗಾದಿಗನೂರಿನ ಹತ್ತಿರ ಒಂದು ವೇಬ್ರಿಡ್ಜಿನಲ್ಲಿ ಲಾರಿ ತೂಗುವ ಕೆಲಸಕ್ಕಿದ್ದೆ. ಓವರ್‌ಲೋಡ್ ಆದ ಲಾರಿಯಿಂದ ಹೆಚ್ಚಿನ ಫೈನ್ಸನ್ನು, ಅಂದರೆ ಕಬ್ಬಿಣದ ಅದಿರಿನ ಪುಡಿಯನ್ನು, ಸಲಿಕೆಯಲ್ಲಿ ಎಳೆದು ಬದಿಗೆ ಹಾಕಿಸುವುದೂ ನನ್ನದೇ. ಆ ಗುಡ್ಡೆ ನೋಡಿ ನೋಡಿ ನನಗೊಂದು ಬುದ್ಧಿ ಹೊಳೆಯಿತು. ಕೆಂಪಗಿದೆ. ನುಣ್ಣಗಿದೆ. ಜರಡಿ ಹಿಡಿಯುವ ಕೆಲಸವಿಲ್ಲ. ಕೈಯಲ್ಲಿ ಹಿಡಿದರೆ ಚೋರನೂರಿನ ಮಣ್ಣಿಗಿಂತ ಚೆಂದ. ಇದನ್ನೇ ಮಟ್ಟಿಗೆ ಹಾಕಿದರೇನು?

ಅಪ್ಪನನ್ನು ಕೇಳಿದ್ದರೆ ಬೈದು ಓಡಿಸುತ್ತಿದ್ದ. ಅದು ನನಗೆ ಗೊತ್ತಿತ್ತು. ಅದಕ್ಕೇ ಅವನು ಕಂಪ್ಲಿಗೆ ಕುಸ್ತಿಗಳ ತೀರ್ಪು ಹೇಳಲು ಹೋದ ಎರಡು ದಿನದಲ್ಲಿ ಕೆಲಸ ಮುಗಿಸಿಬಿಟ್ಟೆ. ಗುರುತಿನ ಡ್ರೈವರೊಬ್ಬ ಎರಡು ಟ್ರಿಪ್ ತಂದು ಸುರಿದ. ಮೇಲೊಂದಿಷ್ಟು ಎಣ್ಣೆ, ಅರಿಶಿನ. ಅಷ್ಟಕ್ಕೇ ನಿಲ್ಲಲಿಲ್ಲ ನಾನು. ಹನುಮಪ್ಪನ ಮುಂದೆ ಕಾಯಿ ಒಡೆದು, ನಿಂಬೆಹಣ್ಣು ಕೊಯ್ದು, ಮಟ್ಟಿಗೆ ಪೂಜೆಯನ್ನೂ ಮಾಡಿಸಿದೆ. ನಮ್ಮ ಗರಡಿಯಲ್ಲಿ ಪೂಜೆಯಾದ ಮಣ್ಣಿಗೆ ಯಾರೂ ಕುಂದು ಹೇಳುವ ಹಾಗಿಲ್ಲ. ಅದು ತಾಯಿ. ಕಲ್ಲಿರಲಿ ಮುಳ್ಳಿರಲಿ, ಮುಂದಿನ ಪಂಚಮಿಯವರೆಗೆ ಅದೇ ಮಣ್ಣಿನಲ್ಲಿ ಆಡಬೇಕು. ಅಪ್ಪನ ಬಾಯಿ ಕಟ್ಟಲಿಕ್ಕೆಂದೇ ನಾನು ಆ ಕಾಯಿ ಒಡೆದದ್ದು.

ಅಪ್ಪ ಕಂಪ್ಲಿಯಿಂದ ಬಂದವನು ಚೀಲ ಕೆಳಗಿಡದೆ ಗರಡಿಗೆ ಬಂದ. ಬಗ್ಗಿ ಒಂದು ಹಿಡಿ ತಗೊಂಡು ಅಂಗೈಯಲ್ಲಿ ತೂಗಿದ. ಅರಿಶಿನ ಕುಂಕುಮ ನೋಡಿದ. ನನ್ನನ್ನು ನೋಡಿದ. ಆಮೇಲೆ ಆ ಪುಡಿಯನ್ನು ಹಣೆಗೆ ಹಚ್ಚಿಕೊಂಡು, ಅಂಗಿ ಬಿಚ್ಚಿ, ಮಟ್ಟಿಗೆ ಇಳಿದ. ಒಂದು ಮಾತು ಆಡಲಿಲ್ಲ. ಆ ಮೌನವನ್ನು ನಾನು ಒಪ್ಪಿಗೆ ಅಂದುಕೊಂಡು ಮೀಸೆ ತಿರುವಿದೆ. ಎಂಥ ಕತ್ತೆ ನಾನು!

ಎಂಟು ದಿನಕ್ಕೆ, ಇಡೀ ಶ್ರಾವಣದಲ್ಲಿ ಬಿದ್ದ ಒಂದೇ ಒಂದು ಮಳೆಗೆ, ಗರಡಿಯ ಹಂಚು ಸೋರಿ ಫೈನ್ಸು ನೆನೆಯಿತು. ಎರಡು ದಿನ ಬಿಟ್ಟು ಒಣಗಿದಾಗ ಮೇಲೆ ಎರಡು ಬೆರಳು ಪುಡಿ, ಕೆಳಗೆ ಸಿಮೆಂಟು. ಗುದ್ದಲಿಯಲ್ಲಿ ಕೆದಕಿ ಮೆತ್ತಗೆ ಮಾಡಿದೆವು ಅಂದುಕೊಂಡೆವು. ಆ ದಿನ ಅಪ್ಪ ಧೋಬಿ ಪಟ್ಟು ತೋರಿಸುತ್ತಿದ್ದ. ಎದುರಾಳಿಯ ಕೈ ಹಿಡಿದು ತನ್ನ ಬೆನ್ನ ಮೇಲಿಂದ ಒಗೆದು, ತಾನೂ ಜೊತೆಗೇ ಮೇಲೆ ಬೀಳುವ ಪಟ್ಟು. ಎದುರಾಳಿ ನಾನು. ಸಾವಿರ ಸಲ ಬಿದ್ದಿದ್ದೇನೆ ಹಾಗೆ. ಮಸಾರಿ ಮಣ್ಣಿನಲ್ಲಿ ಬಿದ್ದರೆ ನೆಲ ಒಂದು ಗೇಣು ಒಳಗೆ ಕರೆದುಕೊಳ್ಳುತ್ತದೆ. ಇದು ಕರೆದುಕೊಳ್ಳಲಿಲ್ಲ. ನನ್ನ ಮಗ್ಗುಲು ನೆಲಕ್ಕೆ ಅಪ್ಪಳಿಸಿತು, ಅಪ್ಪನ ಭಾರ ಮೇಲೆ ಬಿತ್ತು, ಒಣ ಕಟ್ಟಿಗೆ ಮುರಿದ ಹಾಗೆ ಎರಡು ಸಪ್ಪಳ ಬಂದವು. ಅಪ್ಪ ನನ್ನ ಮೇಲಿಂದ ಜಾರಿ ಸೊಂಟದ ಮೇಲೆ ಬಿದ್ದ. ಆ ಸಪ್ಪಳ ಬೇರೆ ತರದ್ದು.

ಬಳ್ಳಾರಿಯ ಆಸ್ಪತ್ರೆಯಲ್ಲಿ ಆಪರೇಷನ್ ಮಾಡಿ ರಾಡು ಹಾಕಬೇಕು ಅಂದರು. ಅಪ್ಪ ಒಪ್ಪಲಿಲ್ಲ. "ಕಬ್ಬಿಣದ ಮ್ಯಾಲೆ ಬಿದ್ದು ಮುರದೈತಿ, ಮತ್ತ ಕಬ್ಬಿಣನ ಒಳಗ ಹಾಕ್ತೀರೇನು?" ಅಂದ. ಡಾಕ್ಟರಿಗೆ ಅರ್ಥವಾಗಲಿಲ್ಲ. ನನಗಾಯಿತು. ಆ ಮಣ್ಣಿನ ಬಗ್ಗೆ ಅವನು ಜೀವಮಾನದಲ್ಲಿ ಆಡಿದ ಒಂದೇ ದೂರು ಅದು, ಅದನ್ನೂ ನನಗೆ ಹೇಳಲಿಲ್ಲ. ಅವ್ವ ಅತ್ತಳು, ಕಾಲು ಹಿಡಿದಳು, ಅವನು ಜಗ್ಗಲಿಲ್ಲ. ಮನೆಗೆ ಕರೆತಂದೆವು.

ಪಕ್ಕೆಲುಬಿಗೆ ಪಟ್ಟಿಯಿಲ್ಲ, ಸಿಮೆಂಟೂ ಇಲ್ಲ. ಆಳವಾಗಿ ಉಸಿರಾಡುತ್ತಿರು, ತಾನೇ ಕೂಡುತ್ತದೆ ಅಂದಿದ್ದರು ಡಾಕ್ಟರು. ನನಗೆ ಸಮಾಧಾನವಾಗದೆ ಬುಕ್ಕಸಾಗರಕ್ಕೆ ಹೋಗಿ ಎಲುಬು ಕಟ್ಟುವ ಅಜ್ಜನ ಕೈಯಲ್ಲಿ ಮೊಟ್ಟೆ, ಉದ್ದಿನ ಹಿಟ್ಟು ಮೆತ್ತಿ ಬಿಗಿಯಾಗಿ ಕಟ್ಟಿಸಿಕೊಂಡು ಬಂದೆ. ಉಸಿರೇ ಒಳಗೆ ಹೋಗದೆ ಎದೆಯಲ್ಲಿ ಕಫ ಕಟ್ಟಿ ಜ್ವರ ಬಂತು. ಡಾಕ್ಟರು ಕತ್ತರಿಯಲ್ಲಿ ಅದನ್ನು ಕತ್ತರಿಸಿ ಹಾಕಿ ಚೆನ್ನಾಗಿ ಉಗಿದರು. ಅವಸರ ನನ್ನ ಹುಟ್ಟುಗುಣ.

ಮೂರನೇ ವಾರಕ್ಕೆ ಗೋಡೆಗೆ ಕೈಕೊಟ್ಟು ನಿಂತು ದಂಡ ಹೊಡೆದೆ. ಹತ್ತು. ಪಕ್ಕೆಯಲ್ಲಿ ಯಾರೋ ಡಬ್ಬಣ ಆಡಿಸಿದ ಹಾಗಿತ್ತು. ನಾಲ್ಕನೇ ವಾರಕ್ಕೆ ಅರ್ಧ ಕೊಡ ನೀರು ಎತ್ತಿದೆ, ಬಲಗೈಯಲ್ಲಿ ಮಾತ್ರ. ಎಡಗೈಗೆ ಚೊಂಬು. ಮೊದಲು ಒಂದೊಂದು ಕೈಯಲ್ಲಿ ಕಲ್ಲಿನ ಗದೆ ಹಿಡಿದು ಬೆನ್ನ ಹಿಂದೆ ತಿರುಗಿಸುತ್ತಿದ್ದ ಮನುಷ್ಯ ನಾನು. ಅವ್ವ ಬಚ್ಚಲಿನಿಂದ ನೋಡಿ ಮುಖ ತಿರುಗಿಸಿದಳು.

ಆಗ ನಮ್ಮೂರಲ್ಲಿ ಹೊಸದಾಗಿ ಒಂದು ಜಿಮ್ ತೆರೆದಿತ್ತು. ನಾಲ್ಕು ಗೋಡೆಗೂ ಕನ್ನಡಿ, ಎಸಿ, ಬಾಗಿಲಲ್ಲಿ ಗಣಿಯವರ ಮಕ್ಕಳ ದೊಡ್ಡ ದೊಡ್ಡ ಕಾರು. ಒಂದು ದಿನ ನಾಚಿಕೆ ಬಿಟ್ಟು ಅಲ್ಲಿಗೂ ಹೋದೆ. ಕೋಚು ಒಳ್ಳೆಯವನೇ. "ಮೊದ್ಲು ಬರೀ ರಾಡ್ ಎತ್ರಿ ಅಣ್ಣ," ಅಂದ. ಬರೀ ರಾಡು ಎದೆಯವರೆಗೆ ಬಂತು, ಅಲ್ಲಿ ಪಕ್ಕೆ ಕಚ್ಚಿಕೊಂಡಿತು, ಮೇಲಕ್ಕೂ ಹೋಗದು ಕೆಳಕ್ಕೂ ಬಾರದು. ನಾಲ್ಕು ಕನ್ನಡಿಯಲ್ಲಿ ನಾಲ್ಕು ನಾನು ಬಾಯಿ ತೆರೆದುಕೊಂಡು ನಿಂತಿದ್ದೆ. ಕೋಚು ಓಡಿಬಂದು ರಾಡು ಬಿಡಿಸಿಕೊಂಡ. ಹಿಂದೆ ಯಾರೋ ಕಿಸಕ್ಕೆಂದರು. ನಗಲಿ, ಅವರ ಎಲುಬು ಗಟ್ಟಿಯಿದ್ದವು.

ಆರನೇ ವಾರ ಮುಗಿದ ದಿನ, ನಾಲ್ಕು ಜನ ಬರುವ ಮುಂಚೆಯೇ, ನಾನು ಅಪ್ಪನ ಮಂಚದ ಹತ್ತಿರ ಹೋಗಿ ಒಂದು ಕೈ ಬೆನ್ನ ಕೆಳಗೆ, ಒಂದು ಕೈ ಮೊಣಕಾಲ ಕೆಳಗೆ ಹಾಕಿದೆ.

"ಎತ್ಲೇನು ಯಪ್ಪಾ?"

ಅಪ್ಪನ ಮುಖ ಅರಳಿತು. ನನ್ನ ಕೊರಳಿಗೆ ಕೈ ಹಾಕಿದ. ಎತ್ತಿದೆ. ಒಂದು ಗೇಣು ಮೇಲೆ ಬಂದ. ಅಷ್ಟರಲ್ಲಿ ಎಡಗಡೆ ಚಳಕ್ಕೆಂದು ಕಣ್ಣು ಕತ್ತಲಿಟ್ಟಿತು, ಕೈ ಬಿಟ್ಟುಹೋಯಿತು. ಅಪ್ಪ ಹಾಸಿಗೆಯ ಮೇಲೆ ದೊಪ್ಪೆಂದು ಬಿದ್ದ. ಬಿದ್ದದ್ದು ಒಂದು ಗೇಣಿನಿಂದ, ಆದರೆ ಮುರಿದ ಸೊಂಟ. ಅವನು ಕೂಗಲಿಲ್ಲ. ಬೆವರು ಮಾತ್ರ ಹಣೆಯಿಂದ ಕಿವಿಗೆ ಇಳಿಯಿತು. ನಾನು ನೆಲದ ಮೇಲೆ ಕೂತು ಅತ್ತೆ. ಅಳುವಾಗಲೂ ಪಕ್ಕೆ ನೋಯುತ್ತಿತ್ತು.

"ಅವಸರ ಬ್ಯಾಡಲೇ," ಅಂದ ಅಪ್ಪ. "ನಾ ಎಲ್ಲಿಗಿ ಹೊಕ್ಕೀನಿ?"

ಮರುದಿನ ಗರಡಿಯವರು ಬಂದಾಗ ಅವನು, "ಇನ್ನ ದಿನಾ ಬರಬ್ಯಾಡ್ರಿ. ಎರಡು ದಿನಕ್ಕೊಮ್ಮಿ ಸಾಕು," ಅಂದ. ಒಂದೆರಡು ವಾರಕ್ಕೆ ಅದು ಮೂರು ದಿನಕ್ಕೊಮ್ಮೆಯಾಯಿತು. ನಾನು ಖುಷಿಪಟ್ಟೆ. ಹೊಟ್ಟೆ ಸರಿಹೋಗುತ್ತಿದೆ, ಮನುಷ್ಯ ಸುಧಾರಿಸುತ್ತಿದ್ದಾನೆ ಅಂದುಕೊಂಡೆ. ಅವನ ತಟ್ಟೆಯಲ್ಲಿ ಅರ್ಧ ರೊಟ್ಟಿ ಉಳಿಯುತ್ತಿದ್ದುದನ್ನೂ ನೋಡಿದ್ದೆ. ಕೇಳಿದರೆ, "ಬಿದ್ಕಂಡಿದ್ದವ್ನಿಗೆ ಎಷ್ಟು ಬೇಕು?" ಅನ್ನುತ್ತಿದ್ದ. ಹೌದಲ್ಲ ಅನಿಸುತ್ತಿತ್ತು.

ಒಂದು ಸಂಜೆ ಅವನೇ ಕೇಳಿದ. "ಆ ಮಣ್ಣು ಇನ್ನಾ ಅಲ್ಲೇ ಐತೇನು?"

"ಐತಿ. ಪಂಚಮಿತನ ತಗಿಯಂಗಿಲ್ಲಲ್ಲ."

"ಪೂಜಿ ಮಾಡ್ದವ್ನು ನೀನು. ತಪ್ಪಾತು ಅಂತ ಹೇಳಿ ತಗಿಯವ್ನೂ ನೀನ."

ಇಬ್ಬರೂ ಬಿದ್ದ ದಿನದಿಂದ ಗರಡಿಗೆ ಬೀಗ ಬಿದ್ದಿತ್ತು. ಬೀಗ ತೆಗೆದು, ಹನುಮಪ್ಪನ ಮುಂದೆ ಕೆನ್ನೆ ಕೆನ್ನೆ ಬಡಿದುಕೊಂಡು, ಮಟ್ಟಿ ಅಗೆಯಲು ಶುರುಮಾಡಿದೆ. ಯಾರನ್ನೂ ಕರೆಯಲಿಲ್ಲ. ಇದೇ ನನ್ನ ಸಾಮು ಅಂದುಕೊಂಡೆ. ವೇಬ್ರಿಡ್ಜಿನಿಂದ ಬಂದು ದಿನಾ ಎರಡು ತಾಸು. ಮೊದಲ ದಿನ ಆರು ಬುಟ್ಟಿ, ಅದೂ ಅರ್ಧರ್ಧ. ಆ ಪುಡಿಯ ಒಂದು ಬುಟ್ಟಿ ಮಣ್ಣಿನ ಎರಡು ಬುಟ್ಟಿಯಷ್ಟು ಭಾರ. ಗುದ್ದಲಿ ಎತ್ತುವಾಗ ಉಸಿರು ಒಳಗೆ, ಹಾಕುವಾಗ ಹೊರಗೆ. ಸ್ವಲ್ಪ ತಪ್ಪಿದರೆ ಪಕ್ಕೆ ನೆನಪಿಸುತ್ತಿತ್ತು. ಧೂಳೆದ್ದು ಕೆಮ್ಮು ಬಂದರೆ ಗೋಡೆಗೆ ಎಡ ಮಗ್ಗುಲು ಒತ್ತಿ ನಿಂತು ಕೆಮ್ಮುತ್ತಿದ್ದೆ. ಉಗುಳು ಕೆಂಪಗೆ ಬರುತ್ತಿತ್ತು. ರಕ್ತವೋ ಅದಿರೋ ಅಂತ ಮೊದಮೊದಲು ಹೆದರಿ ಬೆರಳಲ್ಲಿ ತಿಕ್ಕಿ ನೋಡುತ್ತಿದ್ದೆ, ಆಮೇಲೆ ಬಿಟ್ಟೆ.

ಆರು ಬುಟ್ಟಿ ಹತ್ತಾಯಿತು, ಹತ್ತು ಇಪ್ಪತ್ತಾಯಿತು. ಅರ್ಧ ಬುಟ್ಟಿ ತುಂಬಿದ ಬುಟ್ಟಿಯಾಯಿತು. ಹೊರಗೆ ಗೋಡೆ ಪಕ್ಕ ಗುಡ್ಡೆ ಹಾಕಿದ್ದನ್ನು ಬೆಳಗಾಗುವಷ್ಟರಲ್ಲಿ ಯಾರೋ ತುಂಬಿಕೊಂಡು ಹೋಗಿರುತ್ತಿದ್ದರು. ಅದಿರು ಅಂದರೆ ಕಸವನ್ನೂ ಬಾಚಿಕೊಳ್ಳುವ ಕಾಲ ಅದು. ಒಯ್ಯಲಿ ಕಳ್ಳರು, ನನಗೊಂದು ಕೆಲಸ ಉಳಿಯಿತು ಅನ್ನುತ್ತಿದ್ದೆ. ಹಂಪಿ ನೋಡಲು ಬಂದ ಬಿಳಿಯ ಜೋಡಿಯೊಂದು ದಾರಿ ತಪ್ಪಿ ನಮ್ಮ ಕೇರಿಗೆ ಬಂದು, ಮೈಯೆಲ್ಲ ಕೆಂಪಾಗಿ ಕುಳಿಯಲ್ಲಿ ನಿಂತ ನನ್ನ ಫೋಟೋ ತೆಗೆದುಕೊಂಡು ಹೋಯಿತು. ಏನೆಂದು ಬರೆದುಕೊಂಡರೋ.

ಕಾರ್ತಿಕಕ್ಕೆ ಮಟ್ಟಿ ಬರಿದಾಯಿತು. ಚೋರನೂರಿನ ಮಣ್ಣು ತರಿಸಿದೆ, ಇಡೀ ದಿನ ರಸ್ತೆಯಲ್ಲಿ ನಿಂತು ಬಂದಿತು ಟ್ರ್ಯಾಕ್ಟರು. ಜರಡಿ ಹಿಡಿದೆ. ಮಜ್ಜಿಗೆ, ಎಣ್ಣೆ, ಅರಿಶಿನ, ನಿಂಬೆ. ಎಂಟು ದಿನ ಒಬ್ಬನೇ ತುಳಿದೆ. ಪೂಜೆ ಮಾತ್ರ ಮಾಡಿಸಲಿಲ್ಲ. ಅದನ್ನು ಅಪ್ಪ ಬಂದು ಮಾಡಬೇಕು.

ಅವತ್ತು ಬೆಳಿಗ್ಗೆ ಮೈ ತೊಳೆದುಕೊಂಡು ಅಪ್ಪನ ಮಂಚದ ಹತ್ತಿರ ನಿಂತೆ. ಕಾಲು ಅಗಲಿಸಿ ನೆಲಕ್ಕೆ ಊರಿದೆ. ಎಂಬತ್ತೈದು ಕೆಜಿಗೆ ಬೇಕಾದಷ್ಟು ಉಸಿರು ತುಂಬಿಕೊಂಡೆ. ಪಕ್ಕೆಯ ನೋವಿಗೆ ಹಲ್ಲು ಕಚ್ಚಿ ತಯಾರಾದೆ. ಕೈ ಹಾಕಿ ಜಗ್ಗಿ ಎತ್ತಿದೆ.

ಅಪ್ಪ ಹಾರಿಬಂದ. ಎತ್ತಿದ ರಭಸಕ್ಕೆ ನಾನು ಒಂದು ಹೆಜ್ಜೆ ಹಿಂದಕ್ಕೆ ಮುಗ್ಗರಿಸಿದೆ, ಅವನ ತಲೆ ಬಾಗಿಲ ಚೌಕಟ್ಟಿಗೆ ಬಡಿಯಿತು. ನನ್ನ ತೋಳಿನಲ್ಲಿ ಇದ್ದದ್ದು ಒಂದು ಪಂಚೆ, ಒಂದಿಷ್ಟು ಎಲುಬು. ತೊಡೆ ನನ್ನ ಕೈಯ ದಪ್ಪ ಇರಲಿಲ್ಲ.

"ಗುಂಡುಕಲ್ಲು ಎತ್ತೀನಿ ಅನ್ಕಂಡ್ಯೇನಲೇ?" ಅಂದು ಅಪ್ಪ ನಕ್ಕ. ನಗುವಾಗ ಹಲ್ಲಷ್ಟೇ ಕಂಡವು.

ಎರಡು ಓಣಿ ದಾಟಿ ಗರಡಿಗೆ ಹೊತ್ತುಕೊಂಡು ಹೋದೆ. ಅವ್ವ ದಿಂಬು ಹಿಡಿದು ಹಿಂದೆ ಬಂದಳು. ದಾರಿಯಲ್ಲಿ ಜನ ಎದ್ದು ನಿಂತರು, ಅಪ್ಪ ಕಣ್ಣು ತೆರೆದುಕೊಂಡೇ ಇದ್ದ. ಮಟ್ಟಿಯ ದಂಡೆಯ ಮೇಲೆ ದಿಂಬಿಟ್ಟು ಕೂರಿಸಿ ಹಿಂದೆ ಆನಿಸಿಕೊಂಡೆ. ಅವನು ಬಗ್ಗಿ ಒಂದು ಹಿಡಿ ಮಣ್ಣು ತಗೊಂಡು ಅಂಗೈಯಲ್ಲಿ ತೂಗಿದ, ಮೂಸಿದ, ಬೆರಳ ಸಂದಿಯಿಂದ ಉದುರಿಸಿದ. "ಇದು ಮಣ್ಣು," ಅಂದ. ಕಾಯಿ ಒಡೆಯುವ ಶಕ್ತಿ ಅವನ ಕೈಯಲ್ಲಿರಲಿಲ್ಲ, ನಾನು ಕೈ ಹಿಡಿದು ಒಡೆಸಿದೆ.

ಮನೆಗೆ ಬಂದು ಮಲಗಿಸಿದ ಮೇಲೆ ಅಡಿಗೆಮನೆಯಲ್ಲಿ ಅವ್ವನನ್ನು ಹಿಡಿದು ನಿಲ್ಲಿಸಿ ಕೇಳಿದೆ. "ಏನಾಗೈತಿ ಅಪ್ಪಗ? ಯಾಕ ಹಿಂಗ ಸೊರಗ್ಯಾನ?"

ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ಹೇಳಬ್ಯಾಡ ಅಂತ ಆಣಿ ಹಾಕ್ಯಾನ. ನೀ ಎತ್ತಾಕ ಹೋಗಿ ಕೈ ಬಿಟ್ಟಿದ್ದೆಲ್ಲಾ, ಅವತ್ತಿಂದ ಸರಿಯಾಗಿ ಉಣ್ಣವಲ್ಲ. ಉಂಡ್ರ ಹಿತ್ಲಿಗೆ ಹೋಗ್ಬೇಕಾಕ್ಕತಿ, ಅವ್ರು ಬಂದು ಎತ್ಬೇಕಾಕ್ಕತಿ ಅಂತ. ಭಾರ ಇಳದ್ರ ನನ್ನ ಮಗ ಎತ್ತತಾನ, ಅವನ ಪಕ್ಕಿ ನೋಯಂಗಿಲ್ಲ ಅಂತ."

ದಿನವಿಡೀ ಲಾರಿ ತೂಗುವವನು ನಾನು. ಒಂದು ಸಲಿಕೆ ಹೆಚ್ಚಿದ್ದರೂ ಕಣ್ಣಂದಾಜಿನಲ್ಲಿ ಹೇಳುತ್ತಿದ್ದೆ. ನಾನು ಒಂದೊಂದೇ ಬುಟ್ಟಿ ಬಲ ಕೂಡಿಸುತ್ತಿದ್ದಾಗ, ಅದೇ ಮನೆಯಲ್ಲಿ, ಅವನು ಒಂದೊಂದೇ ತುತ್ತು ಇಳಿಸುತ್ತಿದ್ದ. ನನಗೆ ಕಾಣಲಿಲ್ಲ.

ಅವತ್ತಿನಿಂದ ನಾನೇ ಕೂತು ಉಣಿಸಿದೆ. ಬೈದೆ, ಕಾಲಿಗೆ ಬಿದ್ದೆ. ಅವನೂ ಪ್ರಯತ್ನ ಮಾಡಿದ. ಆದರೆ ಹೊಟ್ಟೆ ಮರೆತುಬಿಟ್ಟಿತ್ತು, ಗಂಜಿಯೂ ನಿಲ್ಲುತ್ತಿರಲಿಲ್ಲ. ಸಂಕ್ರಾಂತಿಯವರೆಗೆ ದಿನಾ ನಾನೊಬ್ಬನೇ ಎತ್ತಿ ಹಿತ್ತಲಿಗೆ ಒಯ್ದೆ. ಆ ನಾಲ್ಕು ಜನ ಆಮೇಲೆ ನಮ್ಮ ಮನೆಗೆ ಬಂದದ್ದು ಒಂದೇ ಸಲ, ಅವನನ್ನು ಹೊರಲು.

ಈಗಲೂ ಚಳಿಗಾಲದಲ್ಲಿ ಗದೆ ತಿರುಗಿಸಿದರೆ ನನ್ನ ಎಡ ಮಗ್ಗುಲು ನೋಯುತ್ತದೆ. ಅಪ್ಪನನ್ನು ಎತ್ತಿದ ಆ ಎರಡು ತಿಂಗಳಲ್ಲಿ ಒಂದು ದಿನವೂ ನೋಯಲಿಲ್ಲ.